ಗಂಡನ ಹೆಸರಿನ ನಡಿಗೆ

ಬೆಳಗಿನ ಐದೂವರೆಗೆ ಉಚ್ಚಂಗೆಮ್ಮ ಗಂಡನ ಫೋನನ್ನು ಎಲೆಅಡಿಕೆಯ ಸಂಚಿಯೊಳಗೆ ಹಾಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಬಿದ್ದಳು. ಅರವತ್ತೊಂದರ ಹೆಂಗಸು. ಹಿಂದಿನ ದಿನದ ದಣಿವು ಇನ್ನೂ ಮೈಯಿಂದ ಇಳಿದಿರಲಿಲ್ಲ, ಅಷ್ಟರಲ್ಲೇ ಇವತ್ತಿನದು ಹತ್ತಿಕೊಂಡಿತ್ತು. ಒಳಗೆ ಗಂಡ ನಾಗಪ್ಪ ಗೋಡೆಯ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಅವನು ಅಲ್ಲಿ ಗೊರಕೆ ಹೊಡೆಯುತ್ತಿರುವಾಗಲೇ ಅವನ ಫೋನಿನ ಪ್ರಕಾರ ಅವನು ಕೊಟ್ಟೂರಿನ ಬಜಾರು ದಾಟಿ, ಉಜ್ಜಿನಿಯ ರಸ್ತೆ ಹಿಡಿದು ಸರಸರ ನಡೆಯತೊಡಗಿದ್ದ.

ಇದು ಮೋಸ ಅಂತ ಗಂಡನಿಗೂ ಅನ್ನಿಸಿರಲಿಲ್ಲ, ಹೆಂಡತಿಗೂ ಅನ್ನಿಸಿರಲಿಲ್ಲ. ಯಾಕೆ ಅನ್ನಿಸಲಿಲ್ಲ ಎಂದು ಹೇಳಬೇಕಾದರೆ ಮೊದಲು ನಾಗಪ್ಪನ ಗಾದಿಯ ಬಗ್ಗೆ ಹೇಳಬೇಕು.

ನಾಗಪ್ಪನದು ಮೂರು ತಲೆಮಾರಿನ ಜವಳಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಿಳಿ ಹಾಸು ಹಾಸಿದ ಗಾದಿಯ ಮೇಲೆ ಲೋಡಿಗೆ ಒರಗಿ ಬೆಳಿಗ್ಗೆ ಒಂಬತ್ತಕ್ಕೆ ಕೂತನೆಂದರೆ ಅವನು ಏಳುವುದು ಊಟಕ್ಕೆ, ಮತ್ತೆ ಏಳುವುದು ಅಂಗಡಿಯ ಬಾಗಿಲು ಹಾಕುವಾಗ. ಸೀರೆ ಇಳಿಸಲಿಕ್ಕೆ ಯರ್ರೆಪ್ಪ ಇದ್ದ. ಇಪ್ಪತ್ತು ವರ್ಷದಿಂದ ಅದೇ ಏಣಿ ಹತ್ತಿ ಇಳಿಯುತ್ತಿದ್ದ ಆಳು. ನೀರು, ಚಹಾ, ಕನ್ನಡಕ, ಎಲೆಗೆ ಸುಣ್ಣ, ಇವಕ್ಕೆಲ್ಲ ಉಚ್ಚಂಗೆಮ್ಮ ಇದ್ದಳು. ಮಂಚದಿಂದ ಬಚ್ಚಲು, ಬಚ್ಚಲಿಂದ ಪೂಜೆಯ ಮಣೆ, ಮಣೆಯಿಂದ ಗಾದಿ: ಅರವತ್ತೇಳು ವರ್ಷದ ನಾಗಪ್ಪನ ಸಂಚಾರ ಇಷ್ಟೇ. ಅದರಲ್ಲೂ ಮದುವೆಯ ಜವಳಿ ತೆಗೆಯಲು ಯಾವುದಾದರೂ ಮನೆತನ ಬಂದು ಕೂತರೆ, ಅವರು ಎಲ್ಲ ಆರಿಸಿ ಏಳುವವರೆಗೆ ಯಜಮಾನ ಗಾದಿ ಬಿಟ್ಟು ಏಳಬಾರದು ಎಂಬುದು ಆ ಅಂಗಡಿಯಲ್ಲಿ ಅವನ ಅಜ್ಜನ ಕಾಲದಿಂದ ಬಂದ ರೀತಿ. ನಡುವೆ ಎದ್ದರೆ ಆ ಮದುವೆಗೆ ಒಳ್ಳೆಯದಲ್ಲವಂತೆ. ಎಷ್ಟು ಮದುವೆಗೆ ಒಳ್ಳೆಯದಾಯಿತೋ ಯಾರು ಬಲ್ಲರು, ನಾಗಪ್ಪನ ಕಾಲಿಗಂತೂ ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವನ ಹಿಮ್ಮಡಿಯಲ್ಲಿ ಒಂದು ಗಾಯವಾಗಿ ತಿಂಗಳಾದರೂ ಮಾಯದೆ ಹೋಯಿತು. ಹರಪನಹಳ್ಳಿಯಲ್ಲಿ ಶಾಲೆಯ ಟೀಚರಾಗಿರುವ ಒಬ್ಬಳೇ ಮಗಳು ಸುಕನ್ಯಾ ಬಂದು, ಅಪ್ಪನನ್ನು ಹಟ ಹಿಡಿದು ಊರಿನ ಹೊಸ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಭೂಮಿಕಾ, ಕೂಡ್ಲಿಗಿ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ, ಮೂವತ್ತೂ ದಾಟಿರಲಿಲ್ಲ. ರಕ್ತ ನೋಡಿದಳು, ಸಕ್ಕರೆ ಏರಿತ್ತು. ಆಮೇಲೆ ಒಂದು ಕಬ್ಬಿಣದ ಕವಲುಕಡ್ಡಿಯನ್ನು ಬಡಿದು ಅದು ಗುಂಯ್ ಎನ್ನುತ್ತಿರುವಾಗ ನಾಗಪ್ಪನ ಹೆಬ್ಬೆರಳಿಗೆ ಒತ್ತಿ ಹಿಡಿದಳು.

"ಗೊತ್ತಾಗ್ತೈತೇನ್ರಿ ಯಜಮಾನ್ರ?"

"ಏನು ಗೊತ್ತಾಗಬೇಕು?" ಅಂದ ನಾಗಪ್ಪ.

ಆ ಒಂದು ಮಾತಿಗೆ ಉಚ್ಚಂಗೆಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ನಾಗಪ್ಪನ ಅಣ್ಣ ಬೊಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಗಾಯ, ಆಮೇಲೆ ಬೆರಳು, ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ. ಬೊಮ್ಮಪ್ಪನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಹಾಗಾಗಿ ಕಾಲಿಲ್ಲದ ಭಾವನನ್ನು ಎತ್ತಿ ಕೂರಿಸಿ, ಒರೆಸಿ, ಬಟ್ಟೆ ಬದಲಿಸಿ, ಎರಡು ವರ್ಷ ಅವನ ಬೈಗುಳ ತಿಂದವಳು ಉಚ್ಚಂಗೆಮ್ಮ. ಅವನು ಸತ್ತಾಗ ಅವಳು ಅತ್ತಿದ್ದು ನಿಜ, ಅತ್ತ ಮೇಲೆ ಹನ್ನೆರಡು ತಾಸು ಎಚ್ಚರವಿಲ್ಲದೆ ಮಲಗಿದ್ದೂ ನಿಜ. ಇನ್ನೊಂದು ಸಲ ಅದನ್ನೆಲ್ಲ ಮಾಡುವ ಕಸುವು ಅವಳಲ್ಲಿ ಉಳಿದಿರಲಿಲ್ಲ.

"ಗುಳಿಗಿ ಅರ್ಧ ಕೆಲಸ ಮಾಡ್ತೈತ್ರಿ," ಅಂದಳು ಭೂಮಿಕಾ. "ಉಳಿದರ್ಧ ನಿಮ್ಮ ಕಾಲು ಮಾಡಬೇಕು. ಗಾಯ ಮಾದ ಮ್ಯಾಲೆ ದಿನಾ ನಲವತ್ತು ನಿಮಿಷ ನಡೀರಿ. ಮೂರು ತಿಂಗಳಿಗೆ ಮತ್ತ ನೋಡೂಣು."

ಗಾಯವೇನೋ ಮಾಯಿತು. ಸುಕನ್ಯಾ ಹೆಜ್ಜೆ ಎಣಿಸುವ ಫೋನು ತಂದುಕೊಟ್ಟಳು. ಅಪ್ಪ ಇಲ್ಲಿ ನಡೆದರೆ ಲೆಕ್ಕ ಅಲ್ಲಿ ಅವಳ ಫೋನಿಗೆ ಹೋಗುವಂತೆ ಜೋಡಿಸಿ, "ಆರು ಸಾವಿರ ಆಗ್ಲೇಬೇಕು ಅಪ್ಪಾಜಿ, ನಾನು ದಿನಾ ನೋಡ್ತೀನಿ" ಎಂದು ಹೇಳಿ ಊರಿಗೆ ಹೋದಳು.

ನಾಗಪ್ಪ ಒಂದು ದಿನ ನಡೆದ. ಒಂದೇ ದಿನ. ಬಜಾರಿನ ಮೂಲೆ ಮುಟ್ಟುವುದರೊಳಗೆ ಮೂರು ಜನ "ಎಲ್ಲಿಗೆ ಹೊಂಟ್ರಿ ಸಾವ್ಕಾರ್ರ?" ಎಂದು ಕೇಳಿದರು. ಎಲ್ಲಿಗೂ ಇಲ್ಲ, ಸುಮ್ಮನೆ, ಎಂದು ಹೇಳುವ ಬಾಯಿ ಅವನಿಗೆ ಬರಲಿಲ್ಲ. ನಾಲ್ಕನೆಯವರು ಎದುರಾಗುವ ಮೊದಲೇ ತಿರುಗಿ ಬಂದು ಗಾದಿಯ ಮೇಲೆ ಕೂತುಬಿಟ್ಟ.

"ಗಾದಿ ಬಿಟ್ಟು ಊರ ಹೊರಗ ತಿರುಗಿದ್ರ ಅಂಗಡಿ ಮುಳುಗೈತಿ ಅಂತಾರ," ಅಂದ. ಆಮೇಲೆ ಲೋಡನ್ನು ಸರಿಮಾಡಿಕೊಳ್ಳುತ್ತ, "ನೀ ನಡಿ. ನನ್ನ ಹೆಸರು ಹೇಳಿ ನಡಿ," ಅಂದ.

ಹೊರಗಿನವರಿಗೆ ಇದು ತಮಾಷೆ. ಆ ಮನೆಯಲ್ಲಿ ಮಾತ್ರ ಹೊಸದೇನಲ್ಲ. ನಾಗಪ್ಪ ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಉಳಿಯುವುದಿಲ್ಲ ಎನ್ನುವಂತಾದಾಗ ಅವನ ತಾಯಿ ಐದು ಅಮಾವಾಸ್ಯೆ ಬರಿಗಾಲಲ್ಲಿ ಉಜ್ಜಿನಿಯ ಗುಡಿಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಳು. ಆಕೆಯ ಸೊಂಟ ಸರಿಯಿರಲಿಲ್ಲ. ಮನೆಯಲ್ಲಿ ಕಸಮುಸುರೆ ಮಾಡಿಕೊಂಡಿದ್ದ ಅನ್ನದಾನಮ್ಮನನ್ನು ತನ್ನ ಹೆಸರು ಹೇಳಿ ಕಳಿಸಿದಳು. ಅನ್ನದಾನಮ್ಮ ಐದು ಸಲ ನಡೆದು ಬಂದು, ಐದು ಸಲ ಭಸ್ಮ ತಂದುಕೊಟ್ಟಳು. ಕೂಸು ಉಳಿಯಿತು. ಉಳಿದದ್ದಕ್ಕೆ ಸಾಕ್ಷಿ ಎದುರಿಗೇ ಲೋಡಿಗೆ ಒರಗಿ ಕೂತಿತ್ತು. ಅನ್ನದಾನಮ್ಮನ ಕಾಲು ಏನಾಯಿತು ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಉಚ್ಚಂಗೆಮ್ಮನಿಗೂ ಇದರಲ್ಲಿ ವಿಚಿತ್ರವೆನ್ನಿಸಲಿಲ್ಲ. ಮದುವೆಯಾದ ಲಾಗಾಯ್ತು ಸೋಮವಾರ ಸೋಮವಾರ ಅವಳು ಉಪವಾಸ ಇರುತ್ತಿದ್ದಳು, ಗಂಡನ ಆಯುಷ್ಯಕ್ಕೆ. ಅವಳು ಹಸಿದದ್ದು ಅವನಿಗೆ ಸೇರುತ್ತದೆ ಎಂದಮೇಲೆ ಅವಳು ನಡೆದದ್ದು ಯಾಕೆ ಸೇರಬಾರದು? ಮರುದಿನವೇ ಸಂಚಿಗೆ ಫೋನು ಹಾಕಿಕೊಂಡು ಹೊರಟಳು.

ಮೊದಮೊದಲು ಜೀವ ಹೋಗುವಂತಾಯಿತು. ಮಂಡಿ ಕಟಕಟ ಅನ್ನುತ್ತಿತ್ತು, ಊರ ಹೊರಗಿನ ಮೋರಿ ಮುಟ್ಟುವಷ್ಟರಲ್ಲಿ ಉಸಿರು ಮೇಲಕ್ಕೆ ಹತ್ತಿ ಕೂರುತ್ತಿತ್ತು. ಮೋರಿಯ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಂಡು, ಉಜ್ಜಿನಿಯ ಕಡೆಗೆ ಕೈಮುಗಿದು, "ಇದು ಅವರಿಗೆ ಸೇರಲಿ" ಎಂದು ಹೇಳಿ ವಾಪಸ್ಸು ತಿರುಗುತ್ತಿದ್ದಳು. ಮನೆಗೆ ಬಂದರೆ ಎಂದಿನ ಕೆಲಸ ಎಂದಿನ ಹಾಗೆ ಕಾದು ಕೂತಿರುತ್ತಿತ್ತು. ನಡೆದು ಬಂದಳೆಂದು ಒಂದು ರೊಟ್ಟಿಯೂ ತಾನಾಗಿ ತಟ್ಟಿಕೊಳ್ಳುತ್ತಿರಲಿಲ್ಲ.

ಆ ರಸ್ತೆಯಲ್ಲಿ ಅವಳಿಗೆ ಆಗಾಗ ಸಿಗುತ್ತಿದ್ದವಳು ಜಂಬಕ್ಕ. ಎಪ್ಪತ್ತು ದಾಟಿದ ಮುದುಕಿ. ಹೆಗಲ ಮೇಲೆ ಕಂಬಳಿ, ಮುಂದೆ ನಲವತ್ತು ಕುರಿ, ಬಿದಿರಿನ ಹಾಗೆ ನೆಟ್ಟಗೆ ನಡೆಯುತ್ತಿದ್ದಳು.

"ಕುರಿ ಇಲ್ಲ, ಕೊಡ ಇಲ್ಲ, ಯಾತಕ್ಕ ಹೊಂಟೀಯವ್ವ ದಿನಾ?" ಎಂದು ಕೇಳಿದಳು ಒಂದು ದಿನ.

"ನಮ್ಮನಿಯೋರ ಸಲುವಾಗಿ. ಡಾಕ್ಟರು ನಡೀಬೇಕು ಅಂದಾರ."

"ಯಾರಿಗೆ ಅಂದಾರ?"

"ಅವರಿಗೆ."

ಜಂಬಕ್ಕ ಹೆಗಲ ಕಂಬಳಿ ಸರಿಮಾಡಿಕೊಂಡಳು. "ಹಂಗಾರ ನಾಳಿಂದ ನಮ್ಮ ಸೊಸಿ ಪಾಲಿಂದೂ ನಾನೇ ಉಣ್ತೀನಿ ಬಿಡು. ಆಕಿಗೆ ಹೊಟ್ಟಿ ತುಂಬಲಿ," ಎಂದು ಹೇಳಿ, ಹಿಂದುಳಿದ ಒಂದು ಮರಿಯನ್ನು ಗದರಿಸಿಕೊಂಡು ಮುಂದೆ ಹೋದಳು. ಉಚ್ಚಂಗೆಮ್ಮನಿಗೆ ಸ್ವಲ್ಪ ಸಿಟ್ಟು ಬಂತು. ಕುರಿ ಕಾಯುವವಳಿಗೆ ವ್ರತ ನೇಮದ ಸಂಗತಿ ಏನು ತಿಳಿಯುತ್ತದೆ ಅಂದುಕೊಂಡಳು.

ಎರಡು ತಿಂಗಳು ಕಳೆಯುವ ಹೊತ್ತಿಗೆ ಒಂದು ಸಂಗತಿ ಅವಳನ್ನು ಕಾಡತೊಡಗಿತು. ಹಸಿ ಬಟ್ಟೆಯ ಬುಟ್ಟಿ ಹೊತ್ತು ಮಾಳಿಗೆ ಹತ್ತಿದವಳು, ಎಲ್ಲ ಬಟ್ಟೆ ಹರವಿ ಮುಗಿಸಿದ ಮೇಲೆ, ತಾನು ನಡುವೆ ಒಂದೂ ಸಲ ಮೆಟ್ಟಿಲ ಮೇಲೆ ಕೂತಿಲ್ಲ ಎಂದು ನೆನಪಾಗಿ ಬೆಚ್ಚಿದಳು. ಮಂಡಿಯ ಸದ್ದು ಯಾವಾಗ ನಿಂತಿತೋ ಗೊತ್ತೇ ಆಗಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ ಈಗ ಕೂರುತ್ತಿರಲಿಲ್ಲ, ಅದನ್ನು ದಾಟಿ ಇನ್ನೊಂದು ಮೈಲಿಕಲ್ಲಿನವರೆಗೆ ಹೋಗಿ ಬರುತ್ತಿದ್ದಳು. ಮಧ್ಯಾಹ್ನದ ಮಂಪರು ಬಿಟ್ಟಿತ್ತು. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಉಚ್ಚಂಗೆಮ್ಮನಿಗೆ ಹೆದರಿಕೆಯಾಯಿತು. ಗಂಡನಿಗೆ ಎಂದು ಬಡಿಸಿಟ್ಟ ತಾಟಿನಿಂದ ತಾನು ತುತ್ತು ಎತ್ತಿಕೊಂಡ ಹಾಗೆ ಅನ್ನಿಸಿತು. ಅವನಿಗೆ ಸೇರಬೇಕಾದದ್ದು ದಾರಿಯಲ್ಲೇ ತನ್ನಲ್ಲಿ ಇಂಗಿಹೋಗುತ್ತಿದೆಯೇನೋ. ಅಂದಿನಿಂದ "ಇದು ಅವರಿಗೆ ಸೇರಲಿ" ಎನ್ನುವುದನ್ನು ಒಂದಕ್ಕೆ ಮೂರು ಸಲ ಹೇಳತೊಡಗಿದಳು.

ಇತ್ತ ನಾಗಪ್ಪ ಬೇರೆಯೇ ಲೋಕದಲ್ಲಿದ್ದ. ಸಂಜೆ ಸುಕನ್ಯಾ ಫೋನು ಮಾಡಿ, "ಅಪ್ಪಾಜಿ, ಇವತ್ತು ಏಳು ಸಾವಿರ ಆಗೈತಲ್ಲ, ಭಾರಿ ಆಯ್ತು" ಎಂದರೆ, "ಹೂಂನವ್ವ, ಇವತ್ತು ಚಲೋ ಆತು ನಡಿಗಿ" ಎನ್ನುತ್ತಿದ್ದ. ಮೊದಲು ಹಾಗೆ ಹೇಳುವಾಗ ಹೆಂಡತಿಯ ಕಡೆ ನೋಡಿ ನಗುತ್ತಿದ್ದ. ಬರಬರುತ್ತ ನಗುವುದನ್ನೂ ಬಿಟ್ಟ. ಗಿರಾಕಿಗಳಿಗೆಲ್ಲ ನಡಿಗೆಯ ಮಹತ್ವ ಹೇಳತೊಡಗಿದ. "ಈ ವಯಸ್ಸಿನ್ಯಾಗ ದಿನಾ ಏಳು ಸಾವಿರ ಹೆಜ್ಜಿ. ಮನಸ್ಸು ಮಾಡಬೇಕ್ರಿ ಅಷ್ಟ" ಎಂದು ಅವನು ಗಾದಿಯ ಮೇಲಿಂದ ಸಾರುವುದನ್ನು ಉಚ್ಚಂಗೆಮ್ಮ ಪರದೆಯ ಈಚೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ನಗಬೇಕೋ ಅಳಬೇಕೋ ತಿಳಿಯದೆ ರೊಟ್ಟಿಯನ್ನೇ ಇನ್ನಷ್ಟು ಜೋರಾಗಿ ಬಡಿದಳು.

ಮೂರು ತಿಂಗಳಿಗೆ ಸರಿಯಾಗಿ ಡಾಕ್ಟರ ಹತ್ತಿರ ಹೋದರು. ಭೂಮಿಕಾ ಒಂದು ಕೈಯಲ್ಲಿ ರಕ್ತದ ಚೀಟಿ, ಇನ್ನೊಂದು ಕೈಯಲ್ಲಿ ನಾಗಪ್ಪನ ಫೋನು ಹಿಡಿದು ಎರಡನ್ನೂ ಮತ್ತೆ ಮತ್ತೆ ನೋಡಿದಳು.

"ಒಂದ ದಿನಾನೂ ತಪ್ಪಿಸಿಲ್ಲ ನೀವು. ಇಷ್ಟು ನಡದೂ ಸಕ್ಕರಿ ಏರೈತಿ. ಹೆಂಗಿದು?"

ನಾಗಪ್ಪ ಹೆಂಡತಿಯ ಕಡೆ ನೋಡಿದ. ಹೆದರಿಸುವ ನೋಟವೇನೂ ಅಲ್ಲ. ಅಂಗಡಿಯಲ್ಲಿ ಗಿರಾಕಿ ಬೆಲೆ ಕೇಳಿದಾಗ ಪರದೆಯ ಹಿಂದಿನ ಹೆಂಗಸರು ಬಾಯಿ ಹಾಕಬಾರದು ಎನ್ನುವ ದಿನನಿತ್ಯದ ನೋಟ. ಉಚ್ಚಂಗೆಮ್ಮನ ನಾಲಿಗೆಯ ತುದಿಗೆ ಮಾತು ಬಂದಿತ್ತು. ನುಂಗಿಕೊಂಡಳು. ನಲವತ್ತು ವರ್ಷ ನುಂಗಿ ನುಂಗಿ ಗಂಟಲಿಗೆ ಅದು ರೂಢಿಯಾಗಿತ್ತು.

"ಹಂಗಾದ್ರ ಈ ಗುಳಿಗಿ ಸಾಲಂಗಿಲ್ಲ," ಎಂದು ಭೂಮಿಕಾ ಇನ್ನೂ ಬಿರುಸಾದ ಗುಳಿಗೆ ಬರೆದಳು. "ಇದು ಜಲ್ದಿ ಸಕ್ಕರಿ ಇಳಸ್ತೈತಿ. ಊಟ ಮಾತ್ರ ಹೊತ್ತು ತಪ್ಪಿಸಬ್ಯಾಡ್ರಿ. ಬೆವರು, ನಡುಕ ಬಂದ್ರ ತಕ್ಷಣ ಸಕ್ಕರಿ ನೀರು ಕೊಡ್ರಿ ಅಮ್ಮಾರ."

ಹತ್ತನೆಯ ದಿನ ತಂಬ್ರಹಳ್ಳಿಯಿಂದ ಒಂದು ಮದುವೆಯ ಮನೆತನ ಬಂತು. ಟೆಂಪೊದಲ್ಲಿ ಹದಿನೆಂಟು ಜನ. ಹನ್ನೊಂದಕ್ಕೆ ಕೂತವರು ಒಂದಕ್ಕೆ ಧಾರೆಯ ಸೀರೆಯನ್ನೇ ಇನ್ನೂ ಆರಿಸಿರಲಿಲ್ಲ. ಮದುಮಗಳಿಗೆ ಒಪ್ಪಿಗೆಯಾದದ್ದು ಅತ್ತೆಗೆ ಆಗುತ್ತಿರಲಿಲ್ಲ, ಅತ್ತೆಗೆ ಆದದ್ದು ಸೋದರತ್ತೆಗೆ. ಯರ್ರೆಪ್ಪ ಏಣಿ ಹತ್ತಿ ಇಳಿದು ಹೈರಾಣಾಗಿದ್ದ. ಉಚ್ಚಂಗೆಮ್ಮ ಪರದೆ ಸರಿಸಿ ಊಟಕ್ಕೆ ಬರ್ರಿ ಎಂದು ಸನ್ನೆ ಮಾಡಿದಳು. ನಾಗಪ್ಪ ತಲೆಯಾಡಿಸಿದ. ಎರಡಕ್ಕೆ ಮತ್ತೆ ಹೋದಳು. ಅವನು ಈ ಸಲ ನೋಡಲೂ ಇಲ್ಲ. ತಾಟನ್ನು ಗಾದಿಗೇ ಒಯ್ದರೆ ಎಂದುಕೊಂಡಳು. ಹದಿನೆಂಟು ಜನರ ಎದುರಿಗೆ ಯಜಮಾನ ಕೂತು ಉಂಡಾನೆಯೆ ಎಂದು ತಾನೇ ಹಿಂದೆ ಸರಿದಳು. ಬೆಳಗಿನ ಗುಳಿಗೆ ಅವನ ಹೊಟ್ಟೆಯಲ್ಲಿ ತನ್ನ ಕೆಲಸ ತಾನು ಮಾಡುತ್ತಿತ್ತು.

ಮೂರರ ಹೊತ್ತಿಗೆ ನಾಗಪ್ಪ ಮದುಮಗಳ ತಾಯಿಗೆ ಮದುವೆ ಯಾವತ್ತು ಎಂದು ಕೇಳಿದ. ಆಕೆ ಹೇಳಿದಳು. ಮರುಗಳಿಗೆಗೆ ಅದನ್ನೇ ಮತ್ತೆ ಕೇಳಿದ. ಮೂರನೆಯ ಸಲ ಕೇಳಿದಾಗ ಆ ಹೆಂಗಸು ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡಿದಳು. ಅವನ ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು, ಕೈ ಅಳತೆಯ ಕೋಲನ್ನು ಹಿಡಿಯಲಾಗದೆ ನಡುಗುತ್ತಿತ್ತು. ಆಮೇಲೆ ಮೆಲ್ಲಗೆ, ಮಲಗುವವನ ಹಾಗೆ, ಹರವಿದ ರೇಷ್ಮೆ ಸೀರೆಗಳ ಮೇಲೆಯೇ ವಾಲಿಕೊಂಡ.

ಉಚ್ಚಂಗೆಮ್ಮ ಪರದೆ ಕಿತ್ತುಕೊಂಡು ಬಂದಳು. ಅವನ ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಸಕ್ಕರೆ ನೀರನ್ನು ಚಮಚದಲ್ಲಿ ತುಟಿಗೆ ಹಚ್ಚಿ ಹಚ್ಚಿ, ಅವನು ಚಪ್ಪರಿಸಿದ ಮೇಲೆ ಒಂದೊಂದೇ ಗುಟುಕು ಕುಡಿಸಿದಳು. ಯರ್ರೆಪ್ಪ ಆಟೋ ತಂದ. ಆಟೋದಲ್ಲಿ ಗಂಡನ ತಲೆಯನ್ನು ಎದೆಗೆ ಆನಿಸಿಕೊಂಡು ಕೂತವಳಿಗೆ ಅಳು ಬರಲಿಲ್ಲ. ನನ್ನ ಹೆಜ್ಜೆ ನಂಬಿ ಡಾಕ್ಟರು ಬಿರುಸು ಗುಳಿಗೆ ಕೊಟ್ಟರು, ಈ ಮನುಷ್ಯ ಸತ್ತರೆ ಕೊಂದವಳು ನಾನು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಅದರ ಹಿಂದೆಯೇ, ಮೇಲಕ್ಕೆ ಬರಗೊಡದೆ ಒತ್ತಿ ಹಿಡಿದರೂ, ಸಿಟ್ಟು ಬರುತ್ತಿತ್ತು.

ಡ್ರಿಪ್ಪು ಹಾಕಿ ಅರ್ಧ ತಾಸಿಗೆ ನಾಗಪ್ಪ ಚೇತರಿಸಿಕೊಂಡ. ಎಲ್ಲಿದ್ದೇನೆಂದು ಕೇಳಿ, ತಿಳಿದುಕೊಂಡು, ನಾಚಿಕೆಯಿಂದಲೋ ಏನೋ ಕಣ್ಣು ಮುಚ್ಚಿಕೊಂಡ. ಭೂಮಿಕಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮತ್ತೆ ಆ ಫೋನನ್ನೇ ನೋಡುತ್ತಿದ್ದಳು. ಬೆಳಿಗ್ಗೆಯಿಂದ ಎಷ್ಟು ಜನರನ್ನು ನೋಡಿದ್ದಳೋ, ಅವಳ ಮುಖವೂ ಸೋತಿತ್ತು.

"ಇವತ್ತೂ ಏಳು ಸಾವಿರ ನಡದಾರ. ನಡಿಯೋರ ಸಕ್ಕರಿ ಮೂರು ತಿಂಗಳು ಹಿಂಗ ಏರಬಾರದು. ನಂಗ ಯಾಕೋ ಹೊಂದವಲ್ದು ಅಮ್ಮಾರ. ಒಳಗ ಬ್ಯಾರೆ ಏನಾರ ಐತೇನೋ. ಬಳ್ಳಾರಿಗೆ ಬರದು ಕೊಡ್ತೀನಿ, ಎಲ್ಲಾ ತಪಾಸಣಿ ಮಾಡಿಸ್ರಿ. ಅಲ್ಲೀತನ ಈ ಗುಳಿಗಿ—"

"ಅವು ನನ್ನ ಹೆಜ್ಜಿರಿ," ಅಂದಳು ಉಚ್ಚಂಗೆಮ್ಮ.

ಭೂಮಿಕಾ ತಲೆ ಎತ್ತಿದಳು.

"ಅವರು ನಡದಿಲ್ಲ. ಒಂದ ದಿನ ನಡದಿದ್ರು, ಅಷ್ಟ. ಫೋನು ಸಂಚ್ಯಾಗ ಇಟ್ಕೊಂಡು ನಾನು ನಡೀತಿದ್ದೆ, ಅವರ ಹೆಸರ್ಲೆ."

ಮಂಚದ ಮೇಲೆ ನಾಗಪ್ಪನ ಮುಚ್ಚಿದ ರೆಪ್ಪೆ ಅದುರಿತು. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ತಿಳಿದೂ ನಿಲ್ಲಿಸಲಿಲ್ಲ. ಅತ್ತೆಯ ಹರಕೆ, ಅನ್ನದಾನಮ್ಮ, ಸೋಮವಾರದ ಉಪವಾಸ, ಎಲ್ಲ ಹೇಳಿದಳು. ಡಾಕ್ಟರು ಬೈಯುತ್ತಾಳೆ ಅಂದುಕೊಂಡಿದ್ದಳು. ಭೂಮಿಕಾ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

"ನಾವು ಉಣ್ಣೂದು ಮೈಯೊಳಗ ಸುಡ್ತೈತ್ರಿ ಅಮ್ಮಾರ," ಅಂದಳು ನಿಧಾನವಾಗಿ. "ಉಸಿರಿನ ಗಾಳಿ ಕೂಡಿದ್ರನ ಅದು ಸುಡೂದು. ಸುಟ್ಟಾಗ ಕಿಡಿ ಹಾರ್ತಾವು. ಆ ಕಿಡಿಗಳು ನರ, ರಕ್ತನಾಳ, ಎಲ್ಲಾ ಒಳಗೊಳಗ ತಿಂತಾವು. ಕಬ್ಬಿಣಕ್ಕ ತುಕ್ಕು ಹಿಡಿಯೂದೂ ಅದ ಗಾಳಿಗೆ ನೋಡ್ರಿ. ವಯಸ್ಸಾತು ಅಂತೀವಲ್ಲ, ಅದರಾಗ ಈ ತುಕ್ಕಿಂದೂ ಒಂದು ಪಾಲು ಐತಿ. ಕೂತ ಮೈಗೆ ಜಾಸ್ತಿ, ಸಕ್ಕರಿ ಏರಿದ ಮೈಗೆ ಇನ್ನೂ ಜಾಸ್ತಿ."

"ಮತ್ತ ನಡದ್ರ?"

"ನಡಿಯುವಾಗ ಉಸಿರು ಜೋರಾಗ್ತೈತಿ, ಕಿಡಿನೂ ಒಂಚೂರು ಹೆಚ್ಚ ಆಗ್ತಾವು. ಆ ಒಂಚೂರಿಗೆ ಮೈ ಎಚ್ಚರಾಗ್ತೈತಿ. ಆ ಕಿಡಿ ಆರಿಸೂದು ತಾನ ಕಲೀತೈತಿ. ದಿನಾ ನಡದ್ರ ದಿನಾ ಕಲೀತೈತಿ, ಬಿಟ್ರ ಮರೀತೈತಿ. ಆ ಕಸುವು ಯಾರ ಮೈ ನಡೀತೈತೋ ಅದರೊಳಗ ಹುಟ್ಟಬೇಕು. ಹೊರಗಿಂದ ನಾನು ಹಾಕಾಕ ಬರಂಗಿಲ್ಲ, ನೀವೂ ಕೊಡಾಕ ಬರಂಗಿಲ್ಲ."

ಆಮೇಲೆ "ನಿಮ್ಮ ಬೆರಳು ಕೊಡ್ರಿ" ಎಂದು ಉಚ್ಚಂಗೆಮ್ಮನ ಬೆರಳು ಚುಚ್ಚಿ ರಕ್ತ ನೋಡಿದಳು, ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದಳು. ಹೋದ ವರ್ಷ ಊರಿನ ಶಿಬಿರದಲ್ಲಿ ನಿಮಗೂ ಸಕ್ಕರೆ ಬರುವ ಹಾಗಿದೆ ಎಂದು ಹೇಳಿ ಕಳಿಸಿದ್ದು ಉಚ್ಚಂಗೆಮ್ಮನಿಗೆ ನೆನಪಿತ್ತು. ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಒಬ್ಬರ ರೋಗಕ್ಕೇ ಜಾಗ ಸಾಲದಾಗಿತ್ತು.

"ಎಲ್ಲಾ ಸರಿ ಐತಿ. ಭಾಳ ಚಲೋ ಐತಿ," ಅಂದಳು ಭೂಮಿಕಾ.

ಉಚ್ಚಂಗೆಮ್ಮ ಸೆರಗಿನ ತುದಿಯಿಂದ ಬೆರಳಿನ ರಕ್ತ ಒರೆಸಿಕೊಂಡಳು. "ಹಂಗಾದ್ರ ಅವರ ಪಾಲಿಂದು ನಾನು ತಿಂದ್ನೇನ್ರಿ?"

"ಇಲ್ರಿ ಅಮ್ಮಾರ. ಅವರ ಪಾಲು ಅಂಬೂದು ಅದರಾಗ ಇರಲೇ ಇಲ್ಲ. ಎಲ್ಲಾ ನಿಮ್ಮದ ಇತ್ತು."

ಈಗ ಅಳು ಬಂತು. ಮೊದಲು ಹಗುರವಾಯಿತು, ಕಳ್ಳತನವಲ್ಲ ಎಂದು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ನಲವತ್ತು ವರ್ಷದ ಆ ಸೋಮವಾರಗಳ ಹಸಿವು ಹಾಗಾದರೆ ಎಲ್ಲಿ ಹೋಯಿತು? ಅದನ್ನು ಡಾಕ್ಟರಿಗೆ ಕೇಳಲು ಧೈರ್ಯವಾಗಲಿಲ್ಲ. ಏನು ಉತ್ತರ ಬರುತ್ತದೋ ಎಂದು ಭಯವಾಯಿತು.

ಮನೆಗೆ ಬಂದ ಮೇಲೆ ನಾಗಪ್ಪ ಎರಡು ದಿನ ಮಾತಾಡಲಿಲ್ಲ. ಸುಕನ್ಯಾ ಫೋನು ಮಾಡಿ ಅಮ್ಮನಿಗೂ ಅಪ್ಪನಿಗೂ ಸಮವಾಗಿ ಬೈದಳು. ಗಾದಿಯ ಮೇಲೆ ಕೂತವನು ಚಹಾ ಬಂದರೆ ಕುಡಿದ, ತಾಟು ಬಂದರೆ ಹೊತ್ತಿಗೆ ಸರಿಯಾಗಿ ಉಂಡ, ಹೆಂಡತಿಯ ಮುಖ ಮಾತ್ರ ನೋಡಲಿಲ್ಲ. ಮೂರನೆಯ ದಿನ ಸಂಜೆ ಅವಳು ಅವನ ಅಂಗಾಲಿಗೆ ಎಣ್ಣೆ ಹಚ್ಚಿ, ಗಾಯ ಏನಾದರೂ ಇದೆಯೇ ಎಂದು ಬೆರಳ ಸಂದು ಬಿಡಿಸಿ ನೋಡುತ್ತಿರುವಾಗ ಬಾಯಿ ಬಿಟ್ಟ.

"ಡಾಕ್ಟರ ಮುಂದ ನನ್ನ ಮಾನ ಕಳದಿ."

ಉಚ್ಚಂಗೆಮ್ಮ ಕಾಲಿನಿಂದ ಕೈ ತೆಗೆಯಲಿಲ್ಲ. ಜಗಳಕ್ಕೆ ಬೇಕಾದ ಉಸಿರೂ ಅವಳಲ್ಲಿ ಇರಲಿಲ್ಲ.

"ನಿಮ್ಮಣ್ಣಗ ಎರಡು ವರ್ಷ ಮಾಡೀನಿ," ಅಂದಳು. "ನಿಮಗೂ ಬಂದ್ರ ಮಾಡ್ತೀನಿ. ಮಾಡದ ಎಲ್ಲಿಗೆ ಹೋಗ್ಲಿ. ಆದ್ರ ನಂಗ ಸಾಕಾಗೈತ್ರಿ. ಸೋಮವಾರ ಹಸಕೊಂಡಿರು ಅಂದ್ರ ಇರ್ತೀನಿ. ನಡಿಯೂದು ಮಾತ್ರ ಇನ್ನ ನಿಮ್ಮ ಹೆಸರ್ಲೆ ಆಗಂಗಿಲ್ಲ."

ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಎದ್ದವಳು ಫೋನನ್ನು ಅವನ ದಿಂಬಿನ ಪಕ್ಕ ಇಟ್ಟು ಬರಿಗೈಯಲ್ಲಿ ಹೊರಟಳು. ಯಾರ ಸಲುವಾಗಿಯೂ ನಡೆಯಬೇಕಾದ ಅಗತ್ಯ ಅವಳಿಗೆ ಈಗೇನೂ ಇರಲಿಲ್ಲ, ಹಾಗೆಂದು ಕಾಲು ಕೇಳಲಿಲ್ಲ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಮನೆಯ ಬಾಗಿಲು ಕಿರ್ ಎಂದದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು. ಎತ್ತಿ ಇಡುವ ಸದ್ದಲ್ಲ, ಎಳೆಯುವ ಸದ್ದು. ಆ ಕಾಲು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿಂದ್ರಲೇ," ಅಂದ ನಾಗಪ್ಪ ಹಿಂದಿನಿಂದ. ಏದುಸಿರು ಬಿಡುತ್ತಿದ್ದ. "ನಿಂದ್ರು, ಕೈ ಕೊಡು."

ಆ ಮಾತು ಕೇಳಿದರೆ ಅವಳು ಹಿಡಿದ ಸೌಟು ಅಲ್ಲೇ ಬಿಟ್ಟು ನಿಲ್ಲುತ್ತಿದ್ದವಳು. ಈಗಲೂ ಒಂದು ಹೆಜ್ಜೆ ತಾನಾಗಿಯೇ ತಡೆಯಿತು. ನಿಂತರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಂದು ಭುಜ ಹಿಡಿಯುತ್ತಾನೆ, ಇವತ್ತಿಗೆ ಸಾಕು ತಿರುಗು ಅನ್ನುತ್ತಾನೆ, ತಾನು ತಿರುಗುತ್ತೇನೆ. ನಾಳೆ ಮತ್ತೆ ಫೋನು ತನ್ನ ಸೊಂಟಕ್ಕೆ ಬರುತ್ತದೆ. ಅವಳು ನಿಲ್ಲಲಿಲ್ಲ. ಜೋರಾಗಿಯೂ ಹೋಗಲಿಲ್ಲ, ಹಿಂದೆ ಬರುವವನಿಗೆ ತನ್ನ ಬೆನ್ನು ಕಾಣುವಷ್ಟು ದೂರದಲ್ಲಿ ನಡೆದಳು.

"ಕೇಳಸ್ತಿಲ್ಲೇನು ನಿನಗ?"

ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಚಪ್ಪಲಿಯ ಸದ್ದು ನಿಂತಿತು. ಬಿದ್ದನೇ, ಕೂತನೇ, ತಿರುಗಿ ಹೋದನೇ? ತಿರುಗಿ ನೋಡಿಬಿಡಬೇಕು ಎಂದು ಕುತ್ತಿಗೆಯ ನರ ಎಳೆಯುತ್ತಿತ್ತು. ನೋಡಿದರೆ ಅವನು ಅಲ್ಲೇ ಯಾವುದಾದರೂ ಕಟ್ಟೆಯ ಮೇಲೆ ಕೂತುಬಿಡುತ್ತಾನೆ, ನೋಡದಿದ್ದರೆ ಏನಾದೀತೋ ಗೊತ್ತಿಲ್ಲ. ದೇವರೇ ಎಂದುಕೊಂಡು, ಯಾರ ಹೆಸರನ್ನೂ ಹೇಳದೆ, ಮತ್ತೊಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು.

ಬಹಳ ಹೊತ್ತಾಯಿತು ಅನ್ನಿಸಿತು. ಹಿಂದೆ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಬಾಯಲ್ಲಿ ಏನೋ ಗೊಣಗುತ್ತ, ಅವಳನ್ನೋ ಡಾಕ್ಟರನ್ನೋ ಬೈಯುತ್ತ, ಚಪ್ಪಲಿಯ ಸದ್ದು ಎಳೆದುಕೊಂಡು ಎಳೆದುಕೊಂಡು ಮತ್ತೆ ಬರತೊಡಗಿತು. ಉಚ್ಚಂಗೆಮ್ಮ ಕಣ್ಣು ಒರೆಸಿಕೊಂಡಳು. ಹಿಂದೆ ನೋಡದೆ, ಆ ಸದ್ದು ತಪ್ಪಿಹೋಗದಂತೆ ಸ್ವಲ್ಪ ನಿಧಾನವಾಗಿ ನಡೆದಳು.